ಬಾವಿಮಾವಿನ ಕಡ್ಡಿ ಹುಡುಕಿಕೊಂಡು

ಬೆಳಗ್ಗೆ ಆರೂವರೆಗೆ ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ಮೊಮ್ಮಗಳು ಚೈತ್ರ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಚೀಲದಲ್ಲಿ ಹಳೆ ಪಂಚೆಯ ತುಂಡು, ನೀರಿನ ಬಾಟಲಿ, ಕತ್ತರಿ, ಆರು ರಾಗಿ ರೊಟ್ಟಿ ಇದ್ದವು. ಪಂಚೆ ಯಾಕೆಂದರೆ, ಕಸಿಗೆ ಬೇಕಾದ ಮಾವಿನ ಕಡ್ಡಿ ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಬೇಕು. ಸಿಕ್ಕರೆ.

ನಮ್ಮ ಬಾವಿಯ ಪಕ್ಕದ ಮಾವಿನ ಮರ ಹನ್ನೊಂದು ದಿನದ ಹಿಂದೆ ಗಾಳಿಗೆ ಬುಡಸಮೇತ ಬಿದ್ದಿತ್ತು. ನಮ್ಮತ್ತೆ ನೆಟ್ಟದ್ದು. ಹಣ್ಣು ಹಿಡಿಯಷ್ಟೇ, ಆದರೆ ರಸ ಕುಡಿಯಬಹುದು. ಎಲೆ ಹಿಸುಕಿದರೆ ಸೋಂಪಿನ ವಾಸನೆ. ಊರಿನವರೆಲ್ಲ ಮಾರಲಿಕ್ಕೆ ಬಾದಾಮಿ, ಮಲ್ಲಿಕಾ ಮಾವು ಹಾಕಿದರು. ಕಣ್ಣೆದುರಿಗೆ ಮರ ಇರುವಾಗ ಅದಕ್ಕೇ ಇನ್ನೊಂದು ಕಸಿ ಯಾಕೆ ಎಂದು ನಾವೂ ನಮಗೆಂದು ಕಟ್ಟಿಕೊಳ್ಳಲಿಲ್ಲ. ಬಿದ್ದ ದಿನವೇ ಕಡ್ಡಿ ಕತ್ತರಿಸಿದ್ದರೂ ಆಗುತ್ತಿತ್ತು. ಅಳುವುದರಲ್ಲೇ ಹೊತ್ತು ಹೋಯಿತು, ಬುದ್ಧಿ ಬರುವಷ್ಟರಲ್ಲಿ ಎಲೆ ಒಣಗಿತ್ತು.

ಆದರೆ ಮೂರು ಕಸಿ ಊರು ಬಿಟ್ಟು ಹೋಗಿದ್ದವು. ಚೈತ್ರ ಕೃಷಿ ಕಾಲೇಜಿನಲ್ಲಿ ಕೊನೆಯ ವರ್ಷ ಓದುವಾಗ, ಮಕ್ಕಳನ್ನು ಹಳ್ಳಿಯಲ್ಲಿಟ್ಟು ಬೇಸಾಯ ಕಲಿಸುವ ಕ್ರಮದಂತೆ ಅವಳ ಮೂವರು ಗೆಳೆಯರು, ನವೀನ, ಸಲ್ಮಾ, ಮಂಜುಳ, ಮೂರು ತಿಂಗಳು ನಮ್ಮೂರಲ್ಲಿದ್ದರು. ಊಟ ನಮ್ಮ ಮನೆಯಲ್ಲಿ. ಹೊರಡುವಾಗ ಒಬ್ಬೊಬ್ಬರಿಗೂ ಬಾವಿಮಾವಿನ ಒಂದು ಕಸಿ ಕೊಟ್ಟೆ. ಅದಾಗಿ ಆರು ವರ್ಷ.

ಈಗ ಮನೆಯಲ್ಲಿ ಮೊದಲೇ ಬಿತ್ತಿದ್ದ ಇಪ್ಪತ್ತು ವಾಟೆ, ಮಾವಿನ ಗೊರಟು, ಮೊಳೆತು ನಿಂತಿದ್ದವು. ಮೊಳಕೆಯ ಎಲೆ ಕೆಂಪಗಿರುವಾಗಲೇ ಕಸಿ ಕಟ್ಟಬೇಕು, ಹಸಿರಿಗೆ ತಿರುಗಿದರೆ ಹಿಡಿಯುವುದು ಕಷ್ಟ. ರಾಯಚೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಚೈತ್ರಳ ರಜೆ ಮಾರನೆಯ ದಿನಕ್ಕೆ ಮುಗಿಯುತ್ತಿತ್ತು. ನನ್ನ ಕೈ ಈಗ ನಡುಗುತ್ತದೆ, ಕಟ್ಟುವವಳು ಅವಳೇ.

ಬಸ್ಸಿನಲ್ಲಿ ಅವಳು ಫೋನಿನಲ್ಲಿ ಇಡೀ ಕ್ಲಾಸಿನ ಗ್ರೂಪು ಓದಿ ಹೇಳಿದಳು. ಒಬ್ಬನಿಗೆ ಬ್ಯಾಂಕಿನಲ್ಲಿ ಬಡ್ತಿ, ಒಬ್ಬಳಿಗೆ ಅವಳಿ ಮಕ್ಕಳು, ಇನ್ನೊಬ್ಬ ಡಾಕ್ಟರೇಟು ಮುಗಿಸಿದ. ಕೇಳುತ್ತಾ ನನ್ನ ಎದೆ ಉಬ್ಬಿತು. ಆ ಕ್ಲಾಸಿನಲ್ಲಿ ಮೂವರು ನನ್ನ ಮುದ್ದೆ ಉಂಡವರಲ್ಲವೇ.

"ಮಂಜುಳ ಏನು ಬರ್ದಿದಾಳೆ?" ಎಂದು ಕೇಳಿದೆ.

"ಅವಳು ಯಾವತ್ತೂ ಏನೂ ಬರಿಯಲ್ಲ ಅವ್ವ. ಮರ ಬಿದ್ದಿದ್ ಫೋಟೋ ನಾನ್ ಹಾಕಿದ್ದು ನೋಡಿದಾಳೆ, ಉತ್ತರ ಇಲ್ಲ. ಹಳೇ ನಂಬರ್‌ಗೆ ಫೋನ್ ಹೋಗಲ್ಲ."

ನಮ್ಮ ಕಡೆ ಅಜ್ಜಿಗೆ ಅವ್ವ ಅನ್ನುತ್ತಾರೆ. ಆ ಮಕ್ಕಳಿಗೆಲ್ಲ ನಾನು ಅವ್ವನೇ.

ಕೋಲಾರದಲ್ಲಿ ಟೊಮೆಟೊ ಮಾರುಕಟ್ಟೆಗೆ ಆಟೋ ಹಿಡಿದೆವು. ನವೀನ ಅಲ್ಲಿ ಸಾಸ್ ಕಂಪನಿಗೆ ಹಣ್ಣು ಕೊಳ್ಳುವವನು. ಕ್ರೇಟುಗಳ ನಡುವಿನಿಂದ ಓಡಿ ಬಂದು ಕಾಲಿಗೆ ಬಿದ್ದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಗಿಡ ಹಳೆಯ ಬಾಡಿಗೆ ಮನೆಯ ಅಂಗಳದಲ್ಲಿದೆ ಎಂದು ಬೈಕು ತೆಗೆದು ನೋಡಿಬರಲು ಹೋದ. ಕಾದೆವು. ಬಂದಾಗ ಬೈಕಿನಿಂದ ಇಳಿಯಲೇ ಇಲ್ಲ.

"ಕಾರು ನಿಲ್ಸಕ್ಕೆ ಸಿಮೆಂಟ್ ಹಾಕ್ಬಿಟ್ಟವ್ರೆ ಅವ್ವಾ. ಗುರುತು ಕೂಡ ಇಲ್ಲ."

"ನಿನ್ ತಲೆ ಮೇಲೂ ಅದೇ ಸಿಮೆಂಟ್ ಹಾಕ್ಸಿದೀಯಲ್ಲಾ," ಎಂದೆ. ಅವನು ನಕ್ಕ, ಇಡ್ಲಿ ತಿನ್ನಿಸಿದ. ನನಗೆ ಒಂದೇ ಇಳಿಯಿತು.

ಅಲ್ಲಿಂದ ಮಾಲೂರಿಗೆ ಮುಕ್ಕಾಲು ಗಂಟೆಯ ದಾರಿ. ನರಸಾಪುರದ ಕಡೆಯ ಕಂಪನಿ ಬಸ್ಸುಗಳು ಅಡ್ಡ ಸಿಕ್ಕಿ ಕೋಲಾರ ದಾಟುವುದೇ ತಡವಾಯಿತು. ಸಲ್ಮಾ ಮಾಲೂರಿನ ಹೊರಗೆ ಗಾಜಿನಂಥ ಹಾಳೆ ಹೊದಿಸಿದ ಮನೆಗಳಲ್ಲಿ ಗುಲಾಬಿ ಬೆಳೆಯುತ್ತಾಳೆ, ಹನ್ನೆರಡು ಜನಕ್ಕೆ ಕೆಲಸ ಕೊಟ್ಟಿದ್ದಾಳೆ. ಗೇಟಿನಲ್ಲೇ ನನ್ನನ್ನು ತಬ್ಬಿಕೊಂಡು ನೇರ ಮರದ ಬಳಿಗೆ ಕರೆದೊಯ್ದಳು. ಎರಡಾಳು ಎತ್ತರ, ಕರೀ ಹಸಿರು. ಅವಳ ಪುಟ್ಟ ಮಗಳು ಅದಕ್ಕೆ ಅವ್ವನ ಮರ ಎಂದು ಹೆಸರಿಟ್ಟಿದ್ದಳು.

ನನ್ನ ಕಣ್ಣು ತುಂಬಿತು. ಒಂದು ಎಲೆ ಕಿತ್ತು ಹಿಸುಕಿದೆ. ಇನ್ನೊಂದು ಹಿಸುಕಿದೆ. ಬರೀ ಮಾವಿನ ಎಲೆಯ ವಾಸನೆ. ಮಗುವಿನ ತಲೆ ಸವರಿದೆ.

ಸಲ್ಮಾ ನನ್ನ ಮುಖ ನೋಡಿದಳು. "ಆರು ವರ್ಷ ಆಯ್ತು, ಯಾಕೋ ಇನ್ನೂ ಕಾಯಿ ಬಿಟ್ಟಿಲ್ಲ ಅವ್ವಾ," ಎನ್ನುತ್ತಾ ತಾನೇ ಬಗ್ಗಿ ಬುಡದ ಮಣ್ಣು ಕೆದಕಿದಳು. ಕಸಿ ಕಟ್ಟಿದ ಜಾಗದಲ್ಲಿ ಒಣಗಿದ ಒಂದು ಮೋಟು ಇತ್ತು, ಮರ ಅದರ ಕೆಳಗಿನ ಚಿಗುರಿನಿಂದ ಎದ್ದಿತ್ತು. ನಮ್ಮ ಮಾವು ಸತ್ತು, ಅದಕ್ಕೆ ಬೇರಾಗಿದ್ದ ಯಾವುದೋ ವಾಟೆಯ ಗಿಡ ಮರವಾಗಿತ್ತು.

"ಕೆಳಗಿನ ಚಿಗುರು ಕೀಳ್ಬೇಕು ಅಂತ ಪರೀಕ್ಷೇಲಿ ಬರ್ದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ," ಎಂದಳು. ಅಲ್ಲೇ ಕೂತುಬಿಟ್ಟಳು. ಊಟಕ್ಕೆ ಬಲವಂತ ಮಾಡಿದಳು. ನಾನು ಹೊತ್ತು ನೋಡಿದೆ. ಸೂರ್ಯ ನೆತ್ತಿಗೆ ಬಂದಿದ್ದ.

ಬಸ್ ನಿಲ್ದಾಣದಲ್ಲಿ ಚೈತ್ರ, "ಮನೆಗೆ ಹೋಗೋಣ ಅವ್ವ. ಮಂಜುಳ ಮದ್ವೆ ಆದ್ಮೇಲೆ ಯಾರ್ ಜೊತೇನೂ ಮಾತಿಲ್ಲ. ಹೇಳದೆ ಕೇಳದೆ ಹೆಂಗ್ ಹೋಗದು?" ಎಂದಳು.

"ಮೂರು ತಿಂಗ್ಳು ನಮ್ಮನೇಲಿ ಉಂಡೋಳು ಕಣೇ. ಬೈದ್ರೆ ಬೈಸ್ಕೊಂಡ್ ಬರೋಣ."

ಮತ್ತೆ ಕೋಲಾರ, ಅಲ್ಲಿಂದ ಮುಳಬಾಗಿಲಿನ ಬಸ್ಸು. ಕಂಡಕ್ಟರು, ಎಲ್ಲಿಗೆ ಅಂತ ತೆಲುಗಿನಲ್ಲಿ, "ಎಕ್ಕಡಿಕಿ ಅವ್ವಾ?" ಎಂದ. ದೇವರಾಯಸಮುದ್ರ ಎಂದೆ, ಮಂಜುಳಳ ಗಂಡನ ಊರು. ದಾರಿಯುದ್ದಕ್ಕೂ ಮಡಿಲಿನ ಒಣ ಪಂಚೆ ಮಡಿಸಿದೆ, ಬಿಚ್ಚಿದೆ. ಆ ಹುಡುಗಿ ಕಸಿಯನ್ನು ತವರಲ್ಲೇ ಬಿಟ್ಟಿದ್ದರೆ? ಮೇಕೆ ತಿಂದಿದ್ದರೆ? ಮನೆಯಲ್ಲಿ ಮೊಳಕೆಯ ಎಲೆ ಎಷ್ಟು ಕೆಂಪು ಉಳಿದಿದೆಯೋ. ಮೋಡ ಕವಿದು ನಾಲ್ಕು ಹನಿ ಬಿದ್ದವು.

ಇಳಿದು ಕೆರೆಯ ಏರಿಯ ಪಕ್ಕ ನಡೆದು ಮನೆ ಕೇಳಿಕೊಂಡು ಹೋದೆವು. ಮಂಜುಳ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಎದುರಿಗೇ ಬಂದಳು. ನಮ್ಮನ್ನು ನೋಡಿ ಹೊರೆ ಇಳಿಸಿದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಬಂದ್ರಾ ಅವ್ವಾ? ನಾಡಿದ್ದು ನಾನೇ ಬರ್ತಿದ್ದೆ," ಎಂದಳು.

ರೇಷ್ಮೆ ಹುಳುವಿನ ಮನೆಯ ಹಿಂದೆ ಮರ. ದೊಡ್ಡದಲ್ಲ. ಅದರ ಹತ್ತಿಪ್ಪತ್ತು ರೆಂಬೆಗಳ ತುದಿ ಬೋಳಾಗಿತ್ತು. ಮರಕ್ಕೇನೋ ರೋಗ ಎಂದುಕೊಂಡೆ. ಚೈತ್ರ ಹತ್ತಿರ ಹೋಗಿ ತುದಿ ಮುಟ್ಟಿ ಬಾಯಿಗೆ ಕೈ ಇಟ್ಟುಕೊಂಡಳು. ರೋಗವಲ್ಲ. ಕಸಿಗೆ ಕಡ್ಡಿ ಬೇಕಾದರೆ ಹತ್ತು ದಿನ ಮೊದಲೇ ಎಲೆ ಕಿತ್ತುಬಿಡಬೇಕು, ಆಗ ತುದಿಯ ಮೊಗ್ಗು ಉಬ್ಬುತ್ತದೆ. ನಾವು ಅದನ್ನೂ ಮರೆತು, ಸಿಕ್ಕಿದ್ದು ತರೋಣ ಎಂದು ಹೊರಟಿದ್ದೆವು.

"ಫೋಟೋ ನೋಡಿದ್ ಮಾರ್ನೇ ದಿನಾನೇ ಕಿತ್ತೆ," ಎಂದಳು ಮಂಜುಳ. "ಮೊಗ್ಗು ಉಬ್ಬೋತಂಕ ಹೇಳದು ಬ್ಯಾಡ ಅಂದ್ಕೊಂಡೆ. ಹುಳ ನಾಲ್ಕನೇ ಜ್ವರ ಎದ್ದವೆ, ಪೊರೆ ಕಳಚ್ಕೊಂಡು ಹಗಲೂ ರಾತ್ರಿ ತಿಂತಾವೆ. ಬರ್ತೀನಿ ಅಂದು ಬರಕ್ಕಾಗ್ದಿದ್ರೆ ನೀವು ಕಾಯ್ತೀರಲ್ಲ."

"ಗ್ರೂಪಲ್ಲಿ ಒಂದ್ ಮಾತು ಬರಿಯಕ್ಕೇನೇ ನಿಂಗೆ?" ಚೈತ್ರ ಅಳುತ್ತಲೇ ಬೈದಳು.

"ಅವ್ರೆಲ್ಲ ಬಡ್ತಿ, ಡಾಕ್ಟರೇಟು ಅಂತ ಹಾಕ್ತಾರೆ. ನಮ್ ಹುಳಕ್ಕೆ ಜ್ವರ ಬಿಟ್ತು ಅಂತ ಹಾಕ್ಲಾ?"

ನಾನು ಕೆಳಗಿನ ರೆಂಬೆಯ ಎಲೆ ಕಿತ್ತು ಹಿಸುಕಿದೆ. ಸೋಂಪು. ನಮ್ಮತ್ತೆಯ ಸೆರಗಿನಲ್ಲಿದ್ದ ವಾಸನೆ.

ಇಪ್ಪತ್ತನಾಲ್ಕು ಕಡ್ಡಿ ಕತ್ತರಿಸಿ, ಪಂಚೆ ಒದ್ದೆ ಮಾಡಿ ಸುತ್ತಿದೆವು. ಉಳಿದ ರೊಟ್ಟಿಯನ್ನು ಮಂಜುಳ ನಿಂತಲ್ಲೇ ತಿಂದಳು, ಹುಳುಗಳಿಗೆ ಸೊಪ್ಪಿನ ಹೊತ್ತಾಗಿತ್ತು. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರ ಸೇರಿದಾಗ ಇನ್ನೂ ಬೆಳಕಿತ್ತು. ಮೊಳಕೆಗಳಲ್ಲಿ ಮೂರು ಹಸಿರಿಗೆ ತಿರುಗಿದ್ದವು. ಹದಿನೇಳಕ್ಕೆ ಚೈತ್ರ ಕಸಿ ಕಟ್ಟಿದಳು, ನಾನು ಸಸಿ ಹಿಡಿದುಕೊಂಡೆ.

ಮೂರು ವಾರ ದಿನಕ್ಕೆ ಹತ್ತು ಸಲ ನೋಡಿದೆ. ಈಗ ಹನ್ನೊಂದು ಚಿಗುರಿವೆ. ಒಂದು ನವೀನನಿಗೆ, ಒಂದು ಸಲ್ಮಾಳ ಮಗಳಿಗೆ. ಕೆಳಗಿನ ಚಿಗುರು ಕೀಳುತ್ತೇನೆಂದು ಅವಳಮ್ಮನಿಂದ ಆಣೆ ಹಾಕಿಸಿಕೊಂಡೇ ಕೊಡುವುದು.

ಮೊನ್ನೆ ಚೈತ್ರ ಫೋನು ಮಾಡಿದಳು. ಮಂಜುಳ ಮೊದಲ ಸಲ ಗ್ರೂಪಿನಲ್ಲಿ ಬರೆದಿದ್ದಾಳಂತೆ, ಒಂದೇ ಮಾತು: "ಹಿಡೀತಾ?" ಪಕ್ಕದ ಮನೆಯವರನ್ನು ಕರೆದು ಫೋಟೋ ತೆಗೆಸಿ ಕಳಿಸಿದೆ. ಕೆಂಪು ಚಿಗುರು, ಪಕ್ಕದಲ್ಲಿ ನನ್ನ ಬೆರಳು.