ಮೀನಿಗೆ ಹಾಕಿದ ಮಂಡಕ್ಕಿ

ಮಂಡಕ್ಕಿಯ ಪೊಟ್ಟಣ ಕೈಯಲ್ಲಿದ್ದರೆ ನನಗೆ ಒಬ್ಬನೇ ತಿನ್ನಲು ಬರುವುದಿಲ್ಲ. ಇದು ನನ್ನ ದೊಡ್ಡ ಗುಣವೆಂದು ಬಹಳ ವರ್ಷ ನಂಬಿದ್ದೆ. ಯಲಬುರ್ಗಾ ಬಸ್ ಸ್ಟ್ಯಾಂಡಿನ ನಾಯಿಗಳು, ಕಚೇರಿಯ ಕಿಟಕಿಗೆ ಬರುತ್ತಿದ್ದ ಗುಬ್ಬಿಗಳು, ಕಡೆಗೆ ಗೋಡೆಯ ಬಿರುಕಿನ ಇರುವೆಗಳು ಕೂಡ ನನ್ನ ಪೊಟ್ಟಣದಲ್ಲಿ ಪಾಲು ಪಡೆದಿವೆ. ಎದುರಿಗೆ ಬಾಯಿರುವ ಜೀವ ಕಂಡರೆ ಸಾಕು, ಕೈ ತಾನಾಗಿಯೇ ಚೆಲ್ಲುತ್ತದೆ. ಮಂಡಕ್ಕಿಯ ಅನುಕೂಲವೇ ಅದು, ಹಿಡಿ ತುಂಬ ಕೊಟ್ಟರೂ ಪೊಟ್ಟಣ ಹಾಗೇ ಉಬ್ಬಿಕೊಂಡಿರುತ್ತದೆ. "ನಿಮ್ಮ ದಾನ ಎಲ್ಲಾ ಹಗೂರ ಸಾಮಾನಿಂದು" ಎಂದು ನನ್ನ ಹೆಂಡತಿ ಹೇಳುವುದುಂಟು.

ಇನ್ನೊಂದು ಗುಣವೂ ನನಗಿದೆ, ಅದು ಅಂಜಿಕೆ. ತಾಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತು ವರ್ಷ ಕೂತವನು ನಾನು. ಅಂಟಿಸಿದ ಲಕೋಟೆಯನ್ನು ಬಿಚ್ಚಿ, ಒಳಗೆ ಕಾಗದ ಇಟ್ಟಿದ್ದೇನೋ ಇಲ್ಲವೋ ನೋಡಿ, ಮತ್ತೆ ಅಂಟಿಸುತ್ತಿದ್ದೆ. ಈಗಲೂ ಮನೆಯ ಬೀಗ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತೇನೆ. ಇಂಥವನು ಒಂದು ಮೊಸಳೆಯನ್ನು ಜನರಿರುವ ಕಡೆಗೆ ಕರೆತಂದನೆಂದರೆ ನೀವು ನಂಬಲಿಕ್ಕಿಲ್ಲ. ಆದರೆ ತಂದವನು ನಾನೇ.

ನನ್ನ ಅಕ್ಕನ ಮಗ ವೀರೇಶ ಗಂಗಾವತಿಯಾಚೆ, ತುಂಗಭದ್ರೆಯ ದಂಡೆಯಲ್ಲಿರುವ ತನ್ನ ಗದ್ದೆಯ ಮೂಲೆಯಲ್ಲಿ ಎಂಟು ಕೋಣೆಗಳ ರೆಸಾರ್ಟ್ ಕಟ್ಟಿದ್ದಾನೆ. ಕೋಣೆಗಳ ಹಿಂದೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ನಾನು ಎರೆಸೀಮೆಯವನು, ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ ಉಳಿದದ್ದನ್ನು ತುಳಸಿಗೆ ಹಾಕಿ ಬೆಳೆದವನು. ಅಷ್ಟೊಂದು ನೀರು ಯಾರಿಗೂ ಹೇಳದೆ ಕೇಳದೆ ಹರಿದುಹೋಗುವುದನ್ನು ಕಂಡರೆ ನನ್ನ ತಲೆ ನಿಲ್ಲುವುದಿಲ್ಲ. ಮೊದಲ ಸಲ ಹೋದಾಗಲೇ ಕೆಳಗಿನ ಮೆಟ್ಟಿಲಿಗೆ ಇಳಿದು ಒಂದು ಹಿಡಿ ಮಂಡಕ್ಕಿ ಎಸೆದೆ. ನೀರು ಕುದಿಯಿತು. ಎಲ್ಲಿದ್ದವೋ ಏನೋ, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು. ಮೇಲೆ ನಿಂತಿದ್ದ ಅತಿಥಿಗಳ ಮಕ್ಕಳು ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಲಕೋಟೆ ಅಂಟಿಸಿದವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅಂದಿನಿಂದ ನಾನು ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದೆ. "ಮಾಮಾ, ನಿಮ್ಮ ಹೆಜ್ಜಿ ಸಪ್ಪಳಕ್ಕ ಮೀನು ಬರ್ತಾವ ನೋಡ್ರಿ!" ಎಂದು ವೀರೇಶ ಮೊಬೈಲಿನಲ್ಲಿ ನನ್ನ ಚಿತ್ರ ಹಿಡಿದು ಊರಿಗೆಲ್ಲ ಕಳಿಸಿದ. ನಾನಿಲ್ಲದ ದಿನ ಅತಿಥಿಗಳ ಕೈ ಖಾಲಿ ಇರಬಾರದೆಂದು ಕೋಣೆಗೊಂದು ಮಂಡಕ್ಕಿ ಪೊಟ್ಟಣ ಇಡಿಸಿದ. ಎರಡು ವರ್ಷ ಇದು ನಡೆಯಿತು.

ಅದೇ ಮೆಟ್ಟಿಲಿನ ಇನ್ನೊಂದು ಅಂಚಿಗೆ ಹುಲಿಗೆವ್ವ ಕೂರುತ್ತಿದ್ದಳು. ಅಡುಗೆಮನೆಯ ಪಾತ್ರೆ ತಿಕ್ಕುವುದು ಆಕೆಯ ಕೆಲಸ. ಮೊಣಕಾಲಿನವರೆಗೆ ನೀರಿಗೆ ಕಾಲು ಇಳಿಬಿಟ್ಟು, ತಳ ಹಿಡಿದ ಅನ್ನದ ಬೋಗುಣಿಯನ್ನು ಬೂದಿ ಹಾಕಿ ಉಜ್ಜುತ್ತ, "ಸಾಹೇಬ್ರ, ನಿಮ್ಮ ಮೀನು ನನ್ನ ಕಾಲಬೆರಳ ಕಚ್ಚಾಕ್ಹತ್ಯಾವ್ರಿ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಮೆಟ್ಟಿಲಿನಿಂದ ಸ್ವಲ್ಪ ದೂರದ ಬಂಡೆಯ ಮೇಲೆ ಒಂದು ಮರದ ದಿಮ್ಮಿ ಬಿದ್ದಿತ್ತು. ಹೊಳೆ ತಂದು ಹಾಕಿರಬೇಕೆಂದುಕೊಂಡೆ. ಮಂಡಕ್ಕಿ ಎಸೆದೆ, ಮೀನು ಬಂದವು, ತಲೆ ಎತ್ತಿದೆ. ದಿಮ್ಮಿ ಇರಲಿಲ್ಲ. ಅದಿದ್ದಷ್ಟು ಜಾಗ ಒದ್ದೆಯಾಗಿ ಹೊಳೆಯುತ್ತಿತ್ತು. "ಹುಲಿಗೆವ್ವ, ಏಳು!" ಎಂದು ನಾನು ಕೂಗಿದೆನೆಂದೇ ನನ್ನ ನೆನಪು. ನನ್ನ ಬಾಯಿಂದ ಬರೀ ಗಾಳಿ ಬಂತೆಂದೂ, ನನ್ನ ಮುಖ ನೋಡಿ ಹೆದರಿ ತಾನು ಎದ್ದೆನೆಂದೂ ಆಕೆ ಆಮೇಲೆ ಹೇಳಿದಳು. ಆಕೆ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ, ಆಕೆ ಕೂತಿದ್ದ ಜಾಗದ ಎದುರಿನ ನೀರಿನಲ್ಲಿ ಎರಡು ಕಣ್ಣು ಮೇಲೆದ್ದು ಸದ್ದಿಲ್ಲದೆ ಮುಳುಗಿದವು.

ಅರಣ್ಯ ಇಲಾಖೆಯ ಗಾರ್ಡ್ ಬಂದ. ವಯಸ್ಸಾದ, ನಿಧಾನದ ಮನುಷ್ಯ. "ಮೊಸಳಿ ಈ ಹೊಳ್ಯಾಗ ಮೊದ್ಲಿಂದನೂ ಅದಾವ್ರಿ. ಹೊಳಿ ಅದರ ಮನಿ. ಆದ್ರ ಈ ಮೆಟ್ಟಲಿಗೆ ಯಾಕ ಬಂತು?" ಎಂದು ನೀರನ್ನೇ ನೋಡುತ್ತ ನಿಂತ. "ಮೀನಿಗೆ ಯಾರರ ಏನರ ಹಾಕ್ತಾರೇನ್ರಿ?" ವೀರೇಶ ನನ್ನನ್ನು ನೋಡಿದ. ಅಡುಗೆಯವನೂ ನನ್ನನ್ನು ನೋಡಿದ. ನನ್ನ ಹಿಂದೆ ಇನ್ಯಾರಾದರೂ ನಿಂತಿರಬಹುದೆಂಬ ಆಸೆಯಿಂದ ನಾನೂ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮಂಡಕ್ಕಿಗೆ ಮೀನು, ಮೀನಿಗೆ ಮೊಸಳೆ. ಎರಡು ವರ್ಷದಿಂದ ನಾನು ಎಸೆದದ್ದು ಹುಲಿಗೆವ್ವನ ಕಾಲಿನ ಬುಡಕ್ಕೆ ಎಂಬುದು ಆಗ ತಲೆಗೆ ಹತ್ತಿತು.

ನಮ್ಮ ಇಟಗಿಯ ಗುಡಿಯಲ್ಲಿ ಮಕರಗಳನ್ನು ಕೆತ್ತಿದ್ದಾರೆ. ಮೊಸಳೆಯೆಂದು ಹೇಳಿ ಆನೆಯ ಸೊಂಡಿಲು ಅಂಟಿಸಿ, ಬಾಲಕ್ಕೆ ನವಿಲಿನಂತೆ ಬಳ್ಳಿ ಸುತ್ತಿದ ಆ ಶಿಲ್ಪಿಯನ್ನು ನೆನೆದು ಚಿಕ್ಕಂದಿನಲ್ಲಿ ನಗುತ್ತಿದ್ದೆ. ಈಗ ಅವನ ಕಷ್ಟ ಅರ್ಥವಾಗುತ್ತದೆ. ಅವನೂ ನನ್ನಂಥ ಒಣಸೀಮೆಯವನೇ ಇರಬೇಕು. ಎಲ್ಲೋ ಒಂದು ಸಲ ಅರೆಗಳಿಗೆ ನೋಡಿ ಓಡಿಬಂದು, ಉಳಿದದ್ದನ್ನು ಮನೆಯಲ್ಲಿ ಕೂತು ಊಹಿಸಿಕೊಂಡಿದ್ದಾನೆ. ನಾನು ಕಂಡದ್ದೂ ಎರಡು ಕಣ್ಣು ಮಾತ್ರ. ಹಲ್ಲುಗಳನ್ನು ದಿನಕ್ಕೊಂದರಂತೆ ನಾನೇ ಕೂಡಿಸುತ್ತ ಬಂದಿದ್ದೇನೆ.

ಗಾರ್ಡ್ ಹೇಳಿದ ಕೆಲಸಗಳು ಕಷ್ಟದವೇನಲ್ಲ. ಮೆಟ್ಟಿಲಿಗೆ ತಂತಿಬೇಲಿ, ಒಂದು ಬೋರ್ಡು, ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು ನಲ್ಲಿ, ನೀರಿಗೆ ಒಂದು ಕಾಳೂ ಬೀಳಕೂಡದು. ವೀರೇಶ ಮಾತ್ರ ತಲೆ ಕೆರೆದುಕೊಂಡ. "ಮಾಮಾ, ಜನ ಮೀನು ನೋಡಾಕಂತನ ಬರ್ತಾರ. ಬೋರ್ಡ್ ನೋಡಿದ್ರ ಹೆದರಿ ಹೋಗ್ತಾರ" ಎಂದ. "ಹಂಗಾರ ನಾಳೆ ಹುಲಿಗೆವ್ವನ ಜಾಗಾದಾಗ ನಾ ಕೂಡ್ತೀನಿ, ಕಾಲು ಬಿಟ್ಕೊಂಡು" ಎಂದೆ. ಜೀವಮಾನದಲ್ಲಿ ನಾನು ಒಬ್ಬರನ್ನು ಹೆದರಿಸಿದ್ದು ಅದೇ ಮೊದಲು. ಸಂಜೆಯೊಳಗೆ ಬೇಲಿ ಬಂತು, ಮರುದಿನ ಬೋರ್ಡೂ ನಲ್ಲಿಯೂ ಬಂದವು.

ಹುಲಿಗೆವ್ವನ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಆಕೆ ಬೈದಿದ್ದರೆ ಹಗುರಾಗುತ್ತಿದ್ದೆ. "ನೀವು ಹಾಕಿದ್ದು ಮಂಡಕ್ಕಿರಿ, ವಿಷ ಅಲ್ಲಲ್ಲ. ಮೀನಿಗೆ ಹಸಿವು, ಮೊಸಳಿಗೂ ಹಸಿವು. ನಾನರ ಮತ್ಯಾಕ ಪಾತ್ರಿ ತಿಕ್ಕಾಕ ಬರ್ತೀನ್ರಿ?" ಎಂದಳು.

ಆದರೆ ಆದೇಶ ಮೀನುಗಳಿಗೆ ತಲುಪಿರಲಿಲ್ಲ. ನಾನು ಬೇಲಿಯ ಗೇಟು ದಾಟಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಕೆಳಗೆ ನೀರು ಕುದಿಯಿತು. ಬೇಲಿ ನೋಡಲು ಬಂದಿದ್ದ ಗಾರ್ಡ್ ನನ್ನ ತೋಳು ಹಿಡಿದು ಹಿಂದೆ ಎಳೆದ. "ಮರೀಬೇಕಾದ್ರ ಹೊತ್ತು ಹಿಡೀತೈತ್ರಿ. ಅಲ್ಲೀತನಕ ನೀವು ಮಾತ್ರ ಈ ಮೆಟ್ಟಲ ತುಳೀಬ್ಯಾಡ್ರಿ." ಮೊಸಳೆಗಿಂತ ನನ್ನನ್ನೇ ದೂರ ಇಡಬೇಕಾದ ಸ್ಥಿತಿ.

ಯಲಬುರ್ಗಾಕ್ಕೆ ಮರಳಿ, ದಿನಾ ಬೆಳಿಗ್ಗೆ ವೀರೇಶನಿಗೆ ಫೋನು ಮಾಡತೊಡಗಿದೆ. ಮಳೆ ಬಂತೇನು, ಅಕ್ಕ ಹೇಗಿದ್ದಾಳೆ ಎಂದೆಲ್ಲ ಕೇಳಿ ಕೊನೆಗೆ ಹುಲಿಗೆವ್ವ ಬಂದಳೇನು ಎನ್ನುತ್ತಿದ್ದೆ. "ಬಂದಾಳ್ರಿ ಮಾಮಾ, ನಲ್ಲಿ ಕಡೆ ಅದಾಳ" ಎಂದರೆ ಆ ದಿನದ ಬೀಗ ಜಗ್ಗಿ ನೋಡಿದಂತೆ. ಹೋದ ವಾರ ಒಂದು ದಿನ ಫೋನು ಸ್ವಿಚ್ ಆಫ್ ಎಂದಿತು. ಐದು ಸಲ ಮಾಡಿದೆ. ಆಮೇಲೆ ಚಪ್ಪಲಿ ಮೆಟ್ಟಿದೆ. ಹೆಂಡತಿ ಒಗ್ಗರಣೆ ಮಂಡಕ್ಕಿಯ ಪೊಟ್ಟಣವನ್ನು ಚೀಲಕ್ಕೆ ತುರುಕಿದಳು. ಕೊಪ್ಪಳಕ್ಕೊಂದು ಬಸ್ಸು, ಅಲ್ಲಿಂದ ಗಂಗಾವತಿಗೆ ಇನ್ನೊಂದು, ಆಮೇಲೆ ಆಟೋ. ದಾರಿಯುದ್ದಕ್ಕೂ ಪೊಟ್ಟಣ ಬಿಚ್ಚಲಿಲ್ಲ.

ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಹಿಂದಿನ ದಿನದ ಗಾಳಿಮಳೆಗೆ ಕರೆಂಟು ಹೋಗಿತ್ತು, ಮೋಟರು ನಿಂತಿತ್ತು, ನಲ್ಲಿ ಒಣಗಿತ್ತು. ಬೇಲಿಯ ಗೇಟು ತೆರೆದಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಹುಲಿಗೆವ್ವ ನೀರಿಗೆ ಕಾಲು ಬಿಟ್ಟು ಕೂತಿದ್ದಳು.

ಓಡಿ ಇಳಿಯಬೇಕೆನಿಸಿತು. ಇಳಿದರೆ ನನ್ನ ಹೆಜ್ಜೆಗೆ ಮೀನು ಬರುತ್ತವೆ. ಮೀನಿನ ಹಿಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಬೇಲಿಯ ತಂತಿ ಹಿಡಿದು ಅಲ್ಲೇ ನಿಂತೆ. "ಹುಲಿಗೆವ್ವಾ!" ಈ ಸಲ ಧ್ವನಿ ಬಂತು, ಅಡುಗೆಯವನು ಹೊರಗೆ ಓಡಿಬರುವಷ್ಟು ಬಂತು.

ಆಕೆ ತಿರುಗಿ ನೋಡಿ, ಬೋಗುಣಿ ಎತ್ತಿಕೊಂಡು, ಅವಸರವಿಲ್ಲದೆ ಹತ್ತಿ ಬಂದಳು. "ಕರೆಂಟ್ ಹೋಗೈತ್ರಿ ಸಾಹೇಬ್ರ. ಎಂಜಲ ಪಾತ್ರಿ ಹಂಗ ಇಡಾಕ ಬರ್ತೈತೇನ್ರಿ?" ಎಂದಳು. ಆಕೆಯ ಒದ್ದೆ ಕಾಲುಗಳನ್ನು ಒಂದು, ಎರಡು ಎಂದು ಎಣಿಸಿಯೇ ನಾನು ಉಸಿರು ಬಿಟ್ಟೆ.

ಗೇಟು ಮುಚ್ಚಿದೆ. ನೆಲದೊಳಗಿನ ತೊಟ್ಟಿಯಲ್ಲಿ ನೀರಿತ್ತು, ಎತ್ತುವವರಿರಲಿಲ್ಲ ಅಷ್ಟೆ. ಬಕೆಟ್ಟಿಗೆ ಹಗ್ಗ ಕಟ್ಟಿ ನಾನೇ ಸೇದಿ ಸುರಿಯತೊಡಗಿದೆ, ಆಕೆ ತಿಕ್ಕತೊಡಗಿದಳು. ನಾಲ್ಕನೆಯ ಬಕೆಟ್ಟಿಗೆ ನನ್ನ ಭುಜ ಸೋತಿತು. ಆಕೆ ನನ್ನ ಚೀಲದತ್ತ ನೋಡಿ, "ಅದರಾಗ ಮಂಡಕ್ಕಿ ಐತೇನ್ರಿ? ಮುಂಜಾನಿಂದ ಏನೂ ತಿಂದಿಲ್ಲ" ಎಂದಳು.

ಪೊಟ್ಟಣ ಬಿಚ್ಚಿ ಕೊಟ್ಟೆ. ಎರಡು ವರ್ಷ ನಾವಿಬ್ಬರೂ ಒಂದೇ ಮೆಟ್ಟಿಲಿನಲ್ಲಿ ಕೂತಿದ್ದೆವು. ಕಂಡ ಕಂಡ ಬಾಯಿಗೆಲ್ಲ ಹಾಕಿದ ನಾನು, ನಿನಗೊಂದು ಹಿಡಿ ಬೇಕೇನವ್ವ ಎಂದು ಆಕೆಯನ್ನು ಒಂದು ದಿನವೂ ಕೇಳಿರಲಿಲ್ಲ.

ಹುಲಿಗೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಯಿ ತುಂಬ ತಿಂದಳು. "ಛಲೋ ಅದಾವ್ರಿ. ಉಪ್ಪು ಚೂರು ಜಾಸ್ತಿ ಆಗೈತಿ" ಎಂದಳು. ನಾನು ಐದನೆಯ ಬಕೆಟ್ ಸೇದಲು ಎದ್ದೆ.