ಗಿರಿಜಕ್ಕನ ಗೋಡೆಯ ಪತಂಗ

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಮೊಬೈಲು ತಾನಾಗಿಯೇ ಮೂರು ಹಳೆಯ ಫೋಟೊ ತೋರಿಸಿತು. ಒಂದು ಕಂದು ಪತಂಗ, ಒಂದು ಬೂದು, ಇನ್ನೊಂದು ಪಾಚಿ ಬಣ್ಣದ್ದು. ನೋಡಿದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಮ್ಮ ಬೊರಿವಲಿಯ ಬಿಲ್ಡಿಂಗಿಗೆ ಕಾಡು ಹತ್ತಿರ. ಬೆಳಗಾದರೆ ಮೆಟ್ಟಿಲ ಗೋಡೆಯ ತುಂಬ ಪತಂಗಗಳು. ಅವುಗಳ ಫೋಟೊ ತೆಗೆದು ಹೆಸರು ಹುಡುಕುವ ಹುಚ್ಚು ನನ್ನದು. ಎರಡು ಪುಸ್ತಕ ಕೊಂಡವನು ಪಂಡಿತನಾಗಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಎದುರು ಮನೆಯ ಗಿರಿಜಕ್ಕ ಉಡುಪಿ ಕಡೆಯವರು. ಬಾಂದ್ರಾದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ ಅವರ ಗಂಡ ತೀರಿಕೊಂಡ ಮರುದಿನ, ಗಂಡ ಕೂರುತ್ತಿದ್ದ ಕುರ್ಚಿಯ ಮೇಲಿನ ಗೋಡೆಗೆ ಕಂದು ಪತಂಗವೊಂದು ಬಂದು ಕೂತಿತು. ಉತ್ತರಕ್ರಿಯೆ ಮುಗಿಯುವ ತನಕ ಮನೆಗೆ ಬಂದ ಜೀವಿಯನ್ನು ಅವರ ಕಡೆ ಓಡಿಸುವುದಿಲ್ಲ. ಹೋದವರೇ ಬಂದರೆಂದು ಗಿರಿಜಕ್ಕ ಒಂದು ಲೋಟ ಕಾಫಿ ಇಟ್ಟರು. ಎರಡನೆಯ ಬೆಳಿಗ್ಗೆ ಬೂದು, ಮೂರನೆಯ ಬೆಳಿಗ್ಗೆ ಪಾಚಿ ಬಣ್ಣದ್ದು. ಜಾಗ ಮಾತ್ರ ಅದೇ.

“ನಿನಗೆ ಇದೆಲ್ಲ ಗೊತ್ತುಂಟಲ್ಲ ಮಾರಾಯ,” ಎಂದು ನನ್ನನ್ನು ಕರೆದರು. “ಸರಿ ನೋಡಿ ಹೇಳು, ದಿನಾ ಬರುವುದು ಇವರೇ ಅಲ್ವಾ?”

ಫೋಟೊಗಳನ್ನು ತೋರಿಸಿ, “ಇಲ್ಲ ಅಕ್ಕ, ಮೂರೂ ಬೇರೆ ಬೇರೆ ಜಾತಿ,” ಎಂದೆ. ಎಂಥ ಗತ್ತು ನನ್ನದು!

“ಹಾಗಾದ್ರೆ ಯಾರೋ ಏನೋ,” ಎಂದರು. ಕಾಫಿ ಲೋಟ ಎತ್ತಿಟ್ಟು, ಪತಂಗವನ್ನು ಪೊರಕೆಯಲ್ಲಿ ಹೊಡೆದು ಹೊರಗಟ್ಟಿ, ಕಿಟಕಿ ಮುಚ್ಚಿದರು.

ಮರುದಿನ ಗಾಜಿನ ಹೊರಗೆ ಒಂದು ಪತಂಗ ಕೂತಿತ್ತು, ಹೊಟ್ಟೆ ಒಳಗಿನವರ ಕಡೆಗೆ. ಸಂಜೆಯವರೆಗೂ ಅಲುಗಲಿಲ್ಲ. ನನಗೆ ಅನುಮಾನ ಬಂತು. ಪತಂಗ ಬಲ್ಲ ಘಾಟ್ಕೋಪರಿನ ಮೇಷ್ಟ್ರೊಬ್ಬರಿಗೆ ಫೋಟೊಗಳನ್ನು ಕಳಿಸಿದೆ.

“ತೀನೋ ಏಕ್ ಹೀ ಹೈ, ಭಾಯಿ,” ಎಂದರು ಅವರು. ಮೂರೂ ಒಂದೇ ಜಾತಿಯಂತೆ; ಈ ಗೂಬೆ ಪತಂಗದ ಜಾತಿಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲವಂತೆ. ಬಣ್ಣ ನಂಬಬಾರದು, ರೆಕ್ಕೆಯ ಮೇಲೆ ಅಲಸಂದೆ ಕಾಳಿನಂಥ ಮಚ್ಚೆ ನೋಡಬೇಕು. ನೋಡಿದೆ. ಮೂರರಲ್ಲೂ ಇತ್ತು.

“ಅಕ್ಕ, ಒಂದೇ ಅಂತೆ,” ಎಂದು ಓಡಿದೆ. ಜಾತಿ ಒಂದಾದರೆ ಪತಂಗವೂ ಒಂದೇ ಆಗಬೇಕಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಕಿಟಕಿ ತೆರೆದರು. ಗಾಜಿನ ಮೇಲೆ ಏನೂ ಇರಲಿಲ್ಲ.

“ಪೊರಕೆಯಲ್ಲಿ ಹೊಡೆದೆನಲ್ಲ ಮಾರಾಯ,” ಎಂದರು.

ಅಂದಿನಿಂದ ಆ ಕಿಟಕಿ ಮುಚ್ಚಿಲ್ಲ. ಯಾವ ಹುಳ ಬಂದರೂ ನನ್ನನ್ನು ಕರೆದು ಕೇಳುತ್ತಾರೆ. ನಾನು ಪುಸ್ತಕ ತೆರೆಯುವುದಿಲ್ಲ. ಹೌದು ಎನ್ನುತ್ತೇನೆ.

ಇಷ್ಟು ಬರೆಯುವಾಗಲೇ ಬಾಗಿಲ ಬೆಲ್ ಆಯಿತು. ಹೋದೆ. ಗಿರಿಜಕ್ಕ ಬೆರಳು ತೋರಿಸಿದ ಕಡೆ ಗೋಡೆ ಖಾಲಿ. ಹತ್ತಿರ ಹೋಗಿ ನೋಡಿದೆ. ಸುಣ್ಣ ಬಿಟ್ಟರೆ ಏನೂ ಇಲ್ಲ.

“ಇವರೇ ಅಲ್ವಾ?”

“ಹೌದು ಅಕ್ಕ, ಇವರೇ.”

ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಫ್ಯಾನಿನ ಸ್ವಿಚ್ಚಿನ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ರೆಕ್ಕೆಗೆ ತಾಗೀತೆಂದು ಹೆದರಿಕೆಯಾಯಿತು.