ಗೂಡು ಕಾಯುತ್ತಿದ್ದ ಮೀನನ್ನು ಹಿಡಿದವಳು ನಾನು

ಮಾನ್ಯ ರತ್ನಕ್ಕನವರಿಗೆ,

ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಮೂರು ಬೇಸಿಗೆಗಳ ಹಿಂದೆ ನಮ್ಮ ಕೆರೆಯ ಉತ್ತರದ ಮೂಲೆಯಲ್ಲಿ ಗೂಡು ಕಾಯುತ್ತಿದ್ದ ಬ್ಯಾಸ್ ಮೀನನ್ನು ಗಾಳ ಹಾಕಿ ಹಿಡಿದವಳು ನಾನು. ನಮ್ಮ ಮೀನು ಹಿಡಿಯುವ ಗುಂಪಿನ ಮುರಳಿಯವರಲ್ಲ. ಮುರಳಿಯವರಿಗೂ ಆ ಮೀನಿಗೂ ಯಾವ ಸಂಬಂಧವೂ ಇರಲಿಲ್ಲ. ಅವರ ಹೆಸರು ತಮ್ಮ ಕಿವಿಗೆ ಬಿದ್ದದ್ದು ನನ್ನ ಬಾಯಿಂದ — ಬೇಕೆಂದೇ ಬಿದ್ದದ್ದು.

ಕನ್ನಡದಲ್ಲಿ ನಾನು ಇದುವರೆಗೆ ಬರೆದಿರುವುದು ಕಚೇರಿ ಪತ್ರಗಳನ್ನು ಮಾತ್ರ. ಮದುವೆಗೆ ಮೊದಲು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಕಲಿತ ಕ್ರಮವೇ ಈಗಲೂ ಕೈಗೆ ಬರುತ್ತಿದೆ. ಎದುರಿಗಿದ್ದರೆ ‘ಅಕ್ಕ’ ಎನ್ನುತ್ತಿದ್ದೆ. ಆದರೆ ಎದುರಿಗಿದ್ದಾಗಲೆಲ್ಲ ಈ ಮಾತನ್ನು ಆಡದೆ ಉಳಿದವಳೂ ನಾನೇ — ಆದ್ದರಿಂದ ಪತ್ರ. ನಮ್ಮ ಗುಂಪಿನ ಉಳಿದವರೂ ಇದನ್ನು ಓದಬೇಕೆಂಬುದು ನನ್ನ ಅಪೇಕ್ಷೆಯಾದ್ದರಿಂದ, ತಮಗೆ ತಿಳಿದಿರುವ ಸಂಗತಿಗಳನ್ನೂ ಕ್ರಮವಾಗಿ ನಮೂದಿಸುತ್ತೇನೆ.

ನನ್ನನ್ನು ಕಯಾಕ್‌ನಲ್ಲಿ ಕೂರಿಸಿದವರು ತಾವು. ಈ ಪರದೇಶದಲ್ಲಿ ಕ್ಯಾನ್ಯನ್ ಪಾರ್ಕ್‌ನ ಲ್ಯಾಬ್ ಬಿಟ್ಟರೆ ಮನೆ, ಮನೆ ಬಿಟ್ಟರೆ ಲ್ಯಾಬ್ ಎಂದಿದ್ದ ನನಗೆ ಒಬ್ಬಳೇ ಕೂರುವ ಆ ಉದ್ದನೆಯ ಪ್ಲಾಸ್ಟಿಕ್ ದೋಣಿಯನ್ನು ಕೊಟ್ಟು, ಹುಟ್ಟು ಹಿಡಿಯುವುದನ್ನು ಕಲಿಸಿದಿರಿ. ಮೀನಿನ ಬಾಯಿ ನೋಯದಂತೆ ಗಾಳ ಬಿಡಿಸುವುದನ್ನು ಕಲಿಸಿದಿರಿ. “ನಿಮ್ಮನೇಲಿ ಮೀನು ಬೇಯಲ್ಲ ಅಂತ ಗೊತ್ತು ಕಣೆ ಶಶಿ, ನಾವೂ ಬೇಯಿಸಲ್ಲ. ಹಿಡಿಯೋದು, ಅಳೆಯೋದು, ಬಿಡೋದು, ಅಷ್ಟೇ” ಎಂದಿರಿ. ನಾನು ಮೊದಲ ಬಾರಿ ನೀರಿಗೆ ಬಿದ್ದಾಗ ತಾವು ನಕ್ಕ ನಗೆ ಕೇಳಿ ದಡದ ಬಾತುಗಳೆಲ್ಲ ಎದ್ದುಹೋದವು.

ಜೂನ್ ತಿಂಗಳ ಆರಂಭದ ಒಂದು ಸಂಜೆ ತಾವು ನನ್ನನ್ನು ಉತ್ತರದ ಮೂಲೆಗೆ ಕರೆದೊಯ್ದಿರಿ. ಹುಟ್ಟು ಹಾಕುವುದನ್ನು ನಿಲ್ಲಿಸಿ, ಬಾಗಿ ನೋಡು ಎಂದಿರಿ. ಮೊಣಕಾಲಾಳದ ನೀರಿನ ತಳದಲ್ಲಿ ಊಟದ ತಟ್ಟೆಯಷ್ಟು ಅಗಲ ಕೆಸರನ್ನೆಲ್ಲ ಗುಡಿಸಿ ಹೊಳೆಯುವ ಕಲ್ಲು ಹಾಸಿದಂತಿತ್ತು. ಅದರ ಮೇಲೆ ಒಂದು ಬ್ಯಾಸ್, ಅಲುಗಾಡದೆ, ರೆಕ್ಕೆಯಿಂದ ಮಾತ್ರ ಗಾಳಿ ಬೀಸಿದಂತೆ ನೀರಾಡಿಸುತ್ತಾ.

“ಗಂಡು ಕಣೆ ಅದು. ಹೆಣ್ಣು ಮೊಟ್ಟೆ ಇಟ್ಟು ಹೊರಟೋಯ್ತು. ಊಟ ಇಲ್ಲ, ತಿಂಡಿ ಇಲ್ಲ, ಇದೇ ಕಾಯುತ್ತೆ. ಗಂಡಸು ಬಾಣಂತನ ಮಾಡೋದು ಈ ಕೆರೇಲಿ ಮಾತ್ರ ನೋಡು.”

ಅಂದಿನಿಂದ ಅದಕ್ಕೆ ‘ಬಾಣಂತಿ ಭಾವ’ ಎಂದೇ ಹೆಸರು. ಸುತ್ತ ಹಳದಿ ಪಟ್ಟೆಯ ಸಣ್ಣ ಪರ್ಚ್ ಮೀನುಗಳು ಸುಳಿಯುತ್ತಿದ್ದವು. ಭಾವ ಒಂದು ನಿಮಿಷ ಪಕ್ಕಕ್ಕೆ ಹೋದರೆ ಸಾಕು, ಅವು ನುಗ್ಗಿ ಮೊಟ್ಟೆ ತಿನ್ನುತ್ತವೆ ಎಂದಿರಿ. ಗೂಡಿನ ಮೇಲಿನ ಮೀನಿಗೆ ಗಾಳ ಹಾಕುವುದು ತಮ್ಮ ಪಾಲಿಗೆ ಮೈಲಿಗೆಯ ಕೆಲಸ. “ಯಾರಿಗೂ ಹೇಳ್ಬೇಡ” — ತಾವು ಕೇಳಿದ್ದು ಇಷ್ಟೇ. ನಾನು ಯಾರಿಗೂ ಹೇಳಲಿಲ್ಲ. ಆ ಒಂದು ಮಾತನ್ನು ಮಾತ್ರ ಉಳಿಸಿಕೊಂಡೆ.

ಮುಂದಿನ ಶನಿವಾರ ನಮ್ಮ ಗುಂಪಿನ ಸ್ಪರ್ಧೆ. ಅತಿ ಉದ್ದದ ಬ್ಯಾಸ್ ಹಿಡಿದು, ಅಳತೆ ಹಲಗೆಯ ಮೇಲೆ ಮಲಗಿಸಿ, ಫೋಟೋ ತೆಗೆದು, ಹಿಡಿದಲ್ಲೇ ಬಿಡಬೇಕು. ಗೆದ್ದವರಿಗೆ ಹಿತ್ತಾಳೆ ಚೊಂಬು. “ಈ ಗುಂಪಲ್ಲಿ ಗೆದ್ದೋರಿಗೂ ಚೊಂಬೇ” ಎಂದು ಮುರಳಿಯವರು ಅಂದೂ ನಗಿಸಿದರು. ನನಗೆ ಮಾತ್ರ ನಗು ಬರಲಿಲ್ಲ. ನನಗೆ ಆ ಚೊಂಬು ಬೇಕಿತ್ತು. ಯಾಕೆಂದು ಕೇಳಿದರೆ… ಈ ದೇಶಕ್ಕೆ ಬಂದ ಮೇಲೆ ನಾನಾಗಿ ಗೆದ್ದದ್ದು ಯಾವುದೂ ಇರಲಿಲ್ಲ — ಇದು ಕಾರಣ, ಸಮರ್ಥನೆಯಲ್ಲ.

ಬೆಳಿಗ್ಗೆಯಿಂದ ಒಂದು ಮೀನೂ ಕಚ್ಚಲಿಲ್ಲ. ಮುಗಿಯುವ ಹೊತ್ತು ಹತ್ತಿರ ಬಂದಾಗ ನನ್ನ ಕಯಾಕ್ ಉತ್ತರದ ಮೂಲೆಯಲ್ಲಿತ್ತು. ಗಾಳಿ ಎಳೆದುಕೊಂಡು ಹೋಯಿತು ಎಂದು ಬರೆಯಬಹುದಿತ್ತು. ಹುಟ್ಟು ಹಾಕಿದ್ದು ನಾನು. ಗಾಳದ ದಾರ ಸಿಕ್ಕಾಗಿದ್ದರಿಂದ ಮುರಳಿಯವರು ಅಲ್ಲೇ ಮರದ ನೆರಳಿನಲ್ಲಿ ತಮ್ಮ ದೋಣಿಯಲ್ಲೇ ಕೂತು ಬಿಡಿಸಿಕೊಳ್ಳುತ್ತಿದ್ದರು. ಅವರು ಹೊರಡುವವರೆಗೆ ಕಾದೆ. ಅವರು ಗೂಡಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲೊಂದು ಗೂಡಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳವನ್ನು ಗೂಡಿನ ಅಂಚಿಗೆ ಹಾಕಿದೆ. ಭಾವ ಹಸಿವಿಗೆ ಕಚ್ಚಲಿಲ್ಲ, ಕಾವಲಿಗೆ ಕಚ್ಚಿತು.

ಇಲ್ಲಿ ನಾನು ಸುಳ್ಳು ಬರೆಯಲಾರೆ. ಅಕ್ಕ, ಆ ಕ್ಷಣದಷ್ಟು ಸಂತೋಷವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗಾಳದ ರಾಡ್ ಬಿಲ್ಲಿನಂತೆ ಬಾಗಿತು. ಮೀನು ನೀರನ್ನು ಸೀಳಿ ಮೇಲೆದ್ದು ತಲೆ ಒದರಿತು. ದೋಣಿ ಅದರ ಹಿಂದೆ ತಿರುಗಿತು — ಅದು ನನ್ನನ್ನು ಎಳೆಯುತ್ತಿತ್ತು, ಇಡೀ ಕೆರೆ ನನ್ನ ಎರಡು ಕೈಗಳಲ್ಲಿತ್ತು. ಕೈಬಲೆಗೆ ಬಿದ್ದಾಗ ನಾನು ಕೂಗಿಬಿಟ್ಟೆ. ಆ ಸಂತೋಷ ನಿಜವಾಗಿತ್ತು. ಅದನ್ನು ಪಡೆಯುವ ಹಕ್ಕು ಮಾತ್ರ ಇರಲಿಲ್ಲ.

ಫೋಟೋದ ಹಿನ್ನೆಲೆಯಲ್ಲಿ ಆ ಮೂಲೆ ಕಂಡರೆ ತಮಗೆ ತಿಳಿಯುತ್ತದೆಂದು ಅಲ್ಲಿ ಅಳೆಯಲಿಲ್ಲ. ಮೀನನ್ನು ಬಲೆಯಲ್ಲೇ ನೀರಿಗಿಳಿಬಿಟ್ಟು, ಆಚೆ ದಡದ ದೊಡ್ಡ ಕಟ್ಟೆಯವರೆಗೂ ಎಳೆದುಕೊಂಡು ಹೋದೆ. ಹೋಗುವಾಗ ಒಮ್ಮೆ ತಿರುಗಿ ನೋಡಿದೆ. ಹೊಳೆಯುವ ಕಲ್ಲುಗಳು ಕಾಣುತ್ತಿರಲಿಲ್ಲ, ಅಷ್ಟೊಂದು ಹಳದಿ ಪಟ್ಟೆಗಳು — ನೋಡಿದೆ, ಮುಂದೆ ಹೋದೆ. ಹದಿನೇಳು ಇಂಚು. ಫೋಟೋ ತೆಗೆದು ಅಲ್ಲೇ ಬಿಟ್ಟೆ. ಅದು ಯಾವ ಕಡೆ ಈಜಿತೆಂದು ನೋಡಲಿಲ್ಲ.

ಚೊಂಬು ನನ್ನದಾಯಿತು. ತಾವು ನನ್ನನ್ನು ಅಪ್ಪಿಕೊಂಡಿರಿ.

ಮರುದಿನ ತಾವು ಗೂಡು ನೋಡಲು ಹೋದಿರಿ. ಅದೇ ಸಂಜೆ ತಮ್ಮ ನಾರ್ತ್ ಕ್ರೀಕ್ ಮನೆಯಲ್ಲಿ ಎಲ್ಲರಿಗೂ ಊಟ. ಅಡುಗೆಮನೆಯಲ್ಲಿ ನಾನು ಪುಳಿಯೋಗರೆಯನ್ನು ಬೋಗುಣಿಗೆ ತುಂಬುತ್ತಿದ್ದಾಗ ತಾವು ಮೆಲ್ಲಗೆ ಕೇಳಿದಿರಿ: “ಭಾವ ಇಲ್ಲ ಕಣೆ. ಒಂದು ಮೊಟ್ಟೆನೂ ಉಳಿದಿಲ್ಲ. ನಿನ್ನೆ ಆ ಕಡೆ ಯಾರಾದ್ರೂ ಹೋಗಿದ್ರಾ?”

ನಾನು ಹೇಳಿದೆ: “ಮುರಳಿ ಅಲ್ಲಿ ಕೂತಿದ್ದ ಹಾಗಿತ್ತಕ್ಕ.”

ಅದು ಸುಳ್ಳಲ್ಲ. ಅವರು ಕೂತಿದ್ದರು. ಅಕ್ಷರಶಃ ಸತ್ಯವಾದ್ದರಿಂದಲೇ ಆ ವಾಕ್ಯವನ್ನು ಆರಿಸಿಕೊಂಡೆ — ಮತ್ತು ಮುಂದಿನದನ್ನು ತಮಗೆ ಬಿಟ್ಟೆ.

ಊಟದ ನಡುವೆ ತಾವು ಅವರಿಗೆ, “ಮುರಳಿ, ಇನ್ಮೇಲೆ ನಮ್ಜೊತೆ ನೀರಿಗೆ ಬರ್ಬೇಡ” ಎಂದಿರಿ. ತಮಾಷೆಯೆಂದುಕೊಂಡು ಅವರು, “ಯಾಕಕ್ಕ, ಚೊಂಬು ಗೆದ್ಬಿಡ್ತೀನಿ ಅಂತ ಭಯಾನಾ?” ಎಂದರು. ಯಾರೂ ನಗಲಿಲ್ಲ. ಆಮೇಲೆ, “ಅಕ್ಕ, ದೇವ್ರಾಣೆ, ನಾನೇನು ಮಾಡಿದೆ ಅಂತಾನಾದ್ರೂ ಹೇಳಿ.” ತಾವು ಹೇಳಲಿಲ್ಲ, ಗೂಡಿನ ಗುಟ್ಟು ಅದು. ಮುಂದೆ ಸ್ಪರ್ಧೆಯ ತಿಂಗಳು ಬದಲಿಸಲು ತಾವು ಗೂಡಿನ ವಿಷಯವನ್ನು ಗುಂಪಿಗೆ ಹೇಳಬೇಕಾಗಿ ಬಂದಾಗ, ಬೇರೆಯವರಿಂದ ಅವರಿಗೂ ತಿಳಿಯಿತಂತೆ. ಅಂದು ನಾನು ಕೈಯಲ್ಲಿ ಬೋಗುಣಿ ಹಿಡಿದು, ಯಾರಿಗೆ ಇನ್ನೂ ಬೇಕೆಂದು ಕೇಳುತ್ತಿದ್ದೆ.

ಮೂರು ಬೇಸಿಗೆ ಅವರು ನೀರಿಗಿಳಿದಿಲ್ಲ. ತಾವು ಮತ್ತೆ ಯಾರಿಗೂ ಗೂಡು ತೋರಿಸಿಲ್ಲ. ನನಗೂ ಇಲ್ಲ.

ಈಗ ಬರೆಯುತ್ತಿರುವುದು ಯಾಕೆಂದರೆ — ನಾನು ಗೆದ್ದೆ. ತಮ್ಮ ಒತ್ತಾಯದ ಮೇಲೆ ಸ್ಪರ್ಧೆ ಆಗಸ್ಟ್‌ಗೆ ಹೋಗಿ, ಗೂಡಿನ ಕಾಲ ಮುಗಿದ ಮೇಲೆ ನಡೆಯುತ್ತಿದೆಯಷ್ಟೆ. ಕಳೆದ ಶನಿವಾರ ನೈದಿಲೆ ಎಲೆಗಳ ಅಂಚಿನಲ್ಲಿ, ಎಲ್ಲರ ಕಣ್ಣೆದುರು, ಕೆರೆಯ ಬಯಲಿನಲ್ಲಿ ಒಂದು ದೊಡ್ಡ ಹೆಣ್ಣು ಬ್ಯಾಸ್ ನನ್ನ ಗಾಳವನ್ನು ನುಂಗಿ ಎದ್ದಾಗ ನೀರೇ ಬಾಯ್ತೆರೆದಂತಿತ್ತು. ಎಲೆಗಳೊಳಗೆ ನುಗ್ಗಿತು, ಬಿಡಿಸಿದೆ. ದೋಣಿಯ ಅಡಿಗೆ ಹೋಯಿತು, ರಾಡನ್ನು ನೀರಿಗೆ ಮುಳುಗಿಸಿ ಸುತ್ತು ಹಾಕಿಸಿದೆ. ತಾವು ಕಲಿಸಿದ ಒಂದೊಂದೂ ಕೈಗೆ ತಾನಾಗಿ ಬಂತು. ಹಲಗೆಯ ಮೇಲೆ ಇಪ್ಪತ್ತು ಇಂಚು ದಾಟಿತು. “ನನ್ನ ಶಿಷ್ಯೆ ಕಣ್ರೋ ಅವ್ಳು” ಎಂದು ತಾವು ನಿಂತೇ ಕೂಗಿದಿರಿ, ದೋಣಿ ಮಗುಚುವುದರಲ್ಲಿತ್ತು. ಹಿಡಿದಲ್ಲೇ ಬಿಟ್ಟೆ. ಅದು ಹೋದ ದಾರಿಯನ್ನು ಕಣ್ಣು ಹರಿಯುವವರೆಗೂ ನೋಡಿದೆ.

ನ್ಯಾಯವಾದ ಗೆಲುವು ಎಷ್ಟು ಹಗುರ ಎಂಬುದು ಅಂದು ತಿಳಿಯಿತು. ಆ ಹಗುರದಲ್ಲಿ ಹಳೆಯದರ ಭಾರ ಎಷ್ಟೆಂಬುದೂ… ಸೋತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಅರಿಯೆ. ಗೆದ್ದವಳಾಗಿಯೇ ಹೇಳುತ್ತಿದ್ದೇನೆ.

ನಿನ್ನೆ ಕರ್ಕ್‌ಲ್ಯಾಂಡ್‌ಗೆ ಡ್ರೈವ್ ಮಾಡಿ ಮುರಳಿಯವರ ಕಾಂಡೋ ಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಸಿದ್ಧಳಾಗಿ ಹೋಗಿದ್ದೆ. ಅವರು ಹೇಳಿದ್ದು ಬೇರೆಯೇ.

“ಶಶಿಯವ್ರೇ, ಇಷ್ಟು ವರ್ಷ ನಾನೇ ಅಂದ್ಕೊಂಡಿದ್ದೆ. ನಾನಲ್ಲಿ ಕೂತಿದ್ನಲ್ಲ, ನನ್ನ ಹುಟ್ಟಿನ ಸದ್ದಿಗೇ ಆ ಮೀನು ಹೆದರಿ ಓಡೋಯ್ತೇನೋ ಅಂತ. ಗೊತ್ತಿಲ್ದೆ ಮಾಡ್ಬಿಟ್ನಲ್ಲಾ ಅಂತ.”

ಇದನ್ನು ನಾನು ಎಣಿಸಿರಲಿಲ್ಲ. ಅವರಿಂದ ಕೆರೆಯನ್ನು ಮಾತ್ರ ಕಿತ್ತುಕೊಂಡೆನೆಂದು ತಿಳಿದಿದ್ದೆ. ಅವರಿಗೆ ನನ್ನ ತಪ್ಪನ್ನೂ ಹೊರಿಸಿದ್ದೆ — ಅವರು ಅದನ್ನು ನಂಬಿ ಹೊತ್ತಿದ್ದರು.

ಕೊನೆಗೆ ಅವರೆಂದರು: “ಅಕ್ಕಂಗೆ ನೀವೇ ಹೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ.”

ಆ ಪ್ರಕಾರ ಹೇಳಿದ್ದೇನೆ. ಮೊದಲ ಗೆಲುವಿನಿಂದ ನನ್ನ ಹೆಸರನ್ನು ತೆಗೆಯುವಂತೆ ಗುಂಪಿಗೆ ಬರೆಯುತ್ತೇನೆ. ಈ ವರ್ಷದ್ದು ನನ್ನದೇ, ಅದನ್ನು ಇಟ್ಟುಕೊಳ್ಳುತ್ತೇನೆ. ಕ್ಷಮೆಯ ಕೋರಿಕೆ ಈ ಪತ್ರದಲ್ಲಿಲ್ಲ. ಬರುವ ಶನಿವಾರ ಬೆಳಿಗ್ಗೆ ಮುರಳಿಯವರ ಕಯಾಕನ್ನು ನನ್ನ ಕಾರಿನ ಮೇಲೆ ಕಟ್ಟಿಕೊಂಡು ಕೆರೆಗೆ ಬರುತ್ತೇನೆ. ಅವರು ಒಪ್ಪಿದ್ದಾರೆ. ಯಾರೂ ನೀರಿಗಿಳಿಯುವ ಮೊದಲು, ಇಲ್ಲಿ ಬರೆದುದನ್ನು ಎಲ್ಲರೆದುರು ನನ್ನ ಬಾಯಿಂದಲೇ ಹೇಳುತ್ತೇನೆ. ಆನಂತರ ನನ್ನ ಜೊತೆ ಬರುವುದೂ ಬಿಡುವುದೂ ತಮ್ಮ ಇಚ್ಛೆ. ದಡದಲ್ಲೇ ನಿಲ್ಲು ಎಂದರೆ ನಿಲ್ಲುತ್ತೇನೆ. ಅಂದು ಮೊದಲು ನೀರಿಗಿಳಿಯುವ ದೋಣಿ ಮಾತ್ರ ಅವರದಾಗಿರಲಿ, ಅಕ್ಕ. ತಳ್ಳುವ ಕೈ ನನ್ನದಿರುತ್ತದೆ.

ತಮ್ಮ ವಿಧೇಯ,
ಶಶಿಕಲಾ